ಕೂರ್ಮಗಡದ ದೋಣಿಯಲ್ಲೇ ವಾಂತಿ, ಅಂಡಮಾನಿಗೆ ಹೋಗಬಹುದಾ?
ಕಾರವಾರದ ಹತ್ತಿರದ ಕೂರ್ಮಗಡ ದ್ವೀಪಕ್ಕೆ ಹೋಗುವಾಗ ನಿಮ್ಮ ಆರು ವರ್ಷದ ಮಗಳಿಗೆ ವಾಂತಿ ಆದದ್ದು ಬಹುಶಃ ಕಣ್ಣು-ಕಿವಿಯ ತಕರಾರಿನಿಂದ: ಒಳಕಿವಿಗೆ ಅಲುಗಾಟ ಗೊತ್ತಾಗುತ್ತೆ, ಮೊಬೈಲ್ ನೋಡುವ ಕಣ್ಣಿಗೆ ಗೊತ್ತಾಗಲ್ಲ. 2ರಿಂದ 12 ವರ್ಷದವರಿಗೆ ಇದು ಜಾಸ್ತಿ. ನೀವು ಅಂದುಕೊಂಡಿರುವ ಅಂಡಮಾನಿನ ಮೂರು ವಾರದ ಪ್ರವಾಸ ಖಂಡಿತ ಬಿಡಬೇಡಿ.

ಮೊದಲು ಮಕ್ಕಳ ವೈದ್ಯರಿಂದ ತೂಕಕ್ಕೆ ತಕ್ಕ ಮಾತ್ರೆ ಬರೆಸಿಕೊಳ್ಳಿ. ಹಡಗು ಹತ್ತುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೇ ಬರುತ್ತೆ. ಬೆಳಿಗ್ಗೆ ಸ್ವಲ್ಪ ಗಂಜಿ ಸಾಕು, ಕರಿದದ್ದು ಬೇಡ. ಸೀಟು ಕೆಳ ಅಂತಸ್ತಿನ ನಡುಭಾಗದಲ್ಲಿ, ಕಿಟಕಿ ಪಕ್ಕ. ಮೊಬೈಲ್ ಎತ್ತಿಟ್ಟು ದಿಗಂತ ತೋರಿಸಿ. ನನ್ನ ಮಗ ಗಾಜಿಗೆ ಮೂಗು ಒತ್ತಿ ದೂರದ ದ್ವೀಪ ಎಣಿಸುತ್ತಲೇ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪ (ಈಗ ಸ್ವರಾಜ್ ದ್ವೀಪ) ಮುಟ್ಟಿದ.

ಎಲ್ಲ ಮಕ್ಕಳಿಗೂ ಇಷ್ಟರಲ್ಲೇ ನಿಲ್ಲುತ್ತೆ ಅನ್ನಲಾರೆ. ಹಾಗಾಗಿ ದ್ವೀಪ ಬದಲಿಸೋದು ಕಡಿಮೆ ಮಾಡಿ, ಹ್ಯಾವ್‌ಲಾಕಿನಲ್ಲೇ ಎರಡು ವಾರ ಇದ್ದುಬಿಡಿ. ಜೂನ್-ಸೆಪ್ಟೆಂಬರ್ ಮಾತ್ರ ಬೇಡ, ಮಳೆಗಾಲದಲ್ಲಿ ಅಲ್ಲಿಯ ಕಡಲೂ ನಮ್ಮ ಕಾರವಾರದ ಹಾಗೇ ಕೆರಳಿರುತ್ತೆ.