ಸೀರೆ ಉಡುವ ಅತ್ತೆಯವರನ್ನು ಪೀಕ್ ಡಿಸ್ಟ್ರಿಕ್ಟ್‌ಗೆ ಕರೆದುಕೊಂಡು ಹೋಗಬಹುದೇ? ನಮ್ಮವರು ಹೆಚ್ಚು ಹೋಗುವ ಜಾಗ ಯಾವುದು?

ಮ್ಯಾಂಚೆಸ್ಟರಿನಿಂದ ನೀವು ಬರೆದ ಈ ಪ್ರಶ್ನೆ ಓದಿ ನನ್ನದೇ ಕಥೆ ನೆನಪಾಯಿತು. ನನ್ನದರಲ್ಲಿ ಮ್ಯಾಂಚೆಸ್ಟರ್ ಬದಲು ಶೆಫೀಲ್ಡ್, ಅತ್ತೆಯವರ ಬದಲು ನಮ್ಮವ್ವ. ಉಳಿದದ್ದೆಲ್ಲ ನೀವು ಬರೆದಂತೆಯೇ: ಆರು ತಿಂಗಳ ವಿಸಿಟರ್ ವೀಸಾ, ಸೀರೆ, 'ಅಲ್ಲಿ ನಮ್ಮಂಥವರು ಯಾರೂ ಕಾಣಲ್ಲ, ದಿಟ್ಟಿಸಿ ನೋಡ್ತಾರೇನೋ' ಎಂಬ ಅಳುಕು.

ಅದು 2010ರ ಮೇ ತಿಂಗಳು. ಅವ್ವ ಚಳ್ಳಕೆರೆ ಕಡೆಯವಳು, ಕುರಿ ಕಾದು ಬೆಳೆದವಳು. ನಮ್ಮ ಫ್ಲ್ಯಾಟಿನ ಕಿಟಕಿ ಪಕ್ಕ ಎರಡು ತಿಂಗಳು ಕೂತು ಬೇಸತ್ತಿದ್ದಳು. ರೈಲು ಹತ್ತಿ ಅರ್ಧ ಗಂಟೆಯಲ್ಲಿ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಸೀಮೆಯ ಎಡೇಲ್ ಹಳ್ಳಿಯಲ್ಲಿ ಇಳಿದೆವು. ಎದುರಿಗೆ ಕಿಂಡರ್ ಸ್ಕೌಟ್ ಬೆಟ್ಟ, ಸುತ್ತ ಕಲ್ಲುಗೋಡೆಯ ಹುಲ್ಲುಗಾವಲು, ಮರಿ ಹಾಕಿದ ಕುರಿಗಳು. ಅವ್ವನ ನಡಿಗೆಯೇ ಬದಲಾಯಿತು. ತಂತಿಗೆ ಸಿಕ್ಕಿದ್ದ ಉಣ್ಣೆ ಕಿತ್ತು ಬೆರಳಲ್ಲಿ ಹೊಸೆದು, "ನಮ್ಮ ಕಂಬಳಿಗಿಂತ ಉದ್ದ ಎಳೆ ಕಣಪ್ಪ" ಅಂದಳು.

ಹಳ್ಳಿ ದಾಟಿ ಒಂದು ಗೇಟಿನ ಬಳಿ ಬಂದಾಗ ಆ ಕಡೆ ಒಬ್ಬ ವಯಸ್ಸಾದ ಮನುಷ್ಯ ನಿಂತಿದ್ದ. ಅವ್ವನ ಸೀರೆ ನೋಡಿದ, ನನ್ನನ್ನು ನೋಡಿದ. "ದಾರಿ ತಪ್ಪಿದಿರಾ?" ಎಂದು ಕೇಳಿದ. ನಾನು "ಸಾರಿ" ಅಂದೆ. ಇನ್ನೊಮ್ಮೆ ಅಂದೆ. ಅವ್ವನ ಮೊಣಕೈ ಹಿಡಿದು ತಿರುಗಿಸಿದೆ. ಅವಳು ನೆಲ ತೋರಿಸಿ, "ಯಾಕೋ ಮಗಾ, ಕಾಲುದಾರಿ ಬಿದ್ದೈತಲ್ಲ, ಜನ ಓಡಾಡೋ ದಾರಿ ಇದು" ಅಂದಳು. "ಸುಮ್ನಿರವ್ವ, ಬೇರೆಯವರ ಜಮೀನು" ಎಂದು ಗದರಿಸಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು, ಆ ಮನುಷ್ಯ ನಮ್ಮನ್ನು ಹೋಗಿ ಎಂದಿರಲಿಲ್ಲ. ಕೇಳಿದ್ದು ದಾರಿ ತಪ್ಪಿದಿರಾ ಅಂತ ಮಾತ್ರ. ಅದು ಹಂಗಿಸಿದ್ದೋ, ನೆರವಿಗೆ ಬಂದದ್ದೋ ನನಗೆ ಇವತ್ತಿಗೂ ತಿಳಿಯದು, ತಿಳಿಯುವಷ್ಟು ಹೊತ್ತು ನಾನು ನಿಲ್ಲಲೇ ಇಲ್ಲ. ಎರಡು, ಜಮೀನು ಬೇರೆಯವರದ್ದೇ, ನಿಜ. ಆದರೆ ಇಂಗ್ಲೆಂಡಿನಲ್ಲಿ ಜಮೀನು ಒಬ್ಬರದಾಗಿದ್ದು ಅದರ ಮೇಲಿನ ದಾರಿ ಎಲ್ಲರದಾಗಿರಬಹುದು. ಪಬ್ಲಿಕ್ ಫುಟ್‌ಪಾತ್ ಅಂದರೆ ಅದೇ. (ನಮ್ಮೂರಲ್ಲಿ ಫುಟ್‌ಪಾತ್ ಅಂದರೆ ರಸ್ತೆ ಪಕ್ಕದ ಕಲ್ಲುಹಾಸು. ಆ ಅರ್ಥವೇ ನನ್ನ ತಲೆಯಲ್ಲಿತ್ತು.) ಅದರ ಮೇಲೆ ನಡೆಯಲು ರೈತನ ಒಪ್ಪಿಗೆ ಬೇಡ, ಟಿಕೆಟ್ ಬೇಡ. ಮೂರು, ಆ ಗೇಟಿನ ಕಂಬಕ್ಕೆ ಅಂಗೈಯಗಲದ ಬಿಲ್ಲೆ ಹೊಡೆದಿತ್ತು, ಅದರ ಮೇಲೆ ಹಳದಿ ಬಾಣದ ಗುರುತು. ಹಳದಿ ಬಾಣ ಎಂದರೆ ನಡೆಯುವವರ ದಾರಿ, ನೀಲಿ ಎಂದರೆ ಕುದುರೆ, ಸೈಕಲ್ಲಿಗೂ ಬಿಟ್ಟ ದಾರಿ. ನಾನು ಕಂಬ ನೋಡಲಿಲ್ಲ, ಮುಖ ನೋಡಿದೆ. ಓದು ಬಾರದ ಅವ್ವ ನೆಲ ನೋಡಿ ಹೇಳಿದ್ದು ಸರಿಯಾಗಿತ್ತು.

ಉಳಿದ ನಾಲ್ಕು ತಿಂಗಳು ಅವಳನ್ನು ಶಾಪಿಂಗ್ ಮಾಲ್, ದೇವಸ್ಥಾನ ಅಂತ ಸುತ್ತಿಸಿದೆ. ಬೆಟ್ಟಕ್ಕೆ ಮತ್ತೆ ಕರೆದೊಯ್ಯಲಿಲ್ಲ. ಅವಳೂ ಕೇಳಲಿಲ್ಲ. ಊರಿಗೆ ಹೋದ ಮೇಲೆ ಅಲ್ಲಿ ಅಮೃತ್ ಮಹಲ್ ಕಾವಲ್ ಎಂಬ ಹುಲ್ಲುಗಾವಲಿಗೂ ಗೋಡೆ ಎದ್ದಿತು, ಅವಳು ಕುರಿ ಮೇಯಿಸಿದ್ದ ಹುಲ್ಲು ಗೋಡೆಯೊಳಗೆ ಸೇರಿತು. ಫೋನಿನಲ್ಲಿ, "ಅಲ್ಲಿ ಹೋಗೋ ಹಾಗಿಲ್ಲ, ಇಲ್ಲೂ ಹೋಗೋ ಹಾಗಿಲ್ಲ" ಅಂದಳು. 2014ರಲ್ಲಿ ತೀರಿಕೊಂಡಳು.

2021ರಲ್ಲಿ ಮಗಳು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಮ್ಯಾಪ್ ಬಿಡಿಸಿ, "ಅಪ್ಪಾ, ಹಸಿರು ಗೀಟು ಇರೋ ಕಡೆಯೆಲ್ಲ ನಡೀಬಹುದು" ಎಂದು ತೋರಿಸಿದಾಗಲೇ ನನಗೆ ಇದೆಲ್ಲ ಗೊತ್ತಾಗಿದ್ದು. ಹಸಿರು ಗೀಟು ಆ ಗೇಟಿನ ಮೂಲಕವೇ ಹಾದಿತ್ತು.

ಈಗ ನಿಮ್ಮ ಪ್ರಶ್ನೆ. 'ನಮ್ಮವರು ಹೆಚ್ಚು ಹೋಗುವ ಜಾಗ' ಹುಡುಕುವುದನ್ನು ಬಿಡಿ ಅನ್ನುತ್ತೇನೆ. ಹಾಗೆ ಹುಡುಕುತ್ತಾ ಹೋದರೆ ಕಾರ್ ಪಾರ್ಕಿನ ಪಕ್ಕದ ಎರಡು ಜಾಗ ಸಿಗುತ್ತವೆ, ಎಲ್ಲರೂ ಅಲ್ಲೇ ಇರುತ್ತಾರೆ. ಆ ಕಿಂಡರ್ ಬೆಟ್ಟ ಕೂಡ ಯಾರಿಗೂ ತಾನಾಗಿ ತೆರೆದದ್ದಲ್ಲ. 1932ರ ಏಪ್ರಿಲ್ 24ರಂದು ನೂರಾರು ಕೆಲಸಗಾರರು ಜಮೀನ್ದಾರರ ಕಾವಲುಗಾರರನ್ನು ಎದುರಿಸಿ ಅದನ್ನು ಹತ್ತಿದರು. ಮುಂದೆ ನಿಂತವನು ಬೆನ್ನಿ ರಾತ್‌ಮನ್, ನಿಮ್ಮ ಮ್ಯಾಂಚೆಸ್ಟರಿನವನೇ, ರೊಮೇನಿಯಾದಿಂದ ಬಂದ ಯಹೂದಿ ದಂಪತಿಯ ಮಗ. ನಾಲ್ಕು ತಿಂಗಳು ಜೈಲಾಯಿತು. ನ್ಯಾಷನಲ್ ಪಾರ್ಕ್ ಕಾಯ್ದೆ ಬಂದದ್ದು 1949ರಲ್ಲಿ, ಪೀಕ್ ಡಿಸ್ಟ್ರಿಕ್ಟ್ ಮೊದಲ ಪಾರ್ಕ್ ಆದದ್ದು 1951ರಲ್ಲಿ. ಹೊರಗಿನಿಂದ ಬಂದವರ ಮಕ್ಕಳೂ ಸೇರಿ ಗಳಿಸಿಕೊಟ್ಟ ಹಕ್ಕಿಗೆ ನಾವು ಹೆದರಿ ಹೆದರಿ ಒಪ್ಪಿಗೆ ಕೇಳಬೇಕಾಗಿಲ್ಲ.

ಹಾಗಂತ ಎಲ್ಲ ಸರಿಯಿದೆ ಎಂದು ಹೇಳುತ್ತಿಲ್ಲ. 2021ರ ಕ್ರಿಸ್‌ಮಸ್ ದಿನ ಮುಸ್ಲಿಂ ಹೈಕರ್ಸ್ ತಂಡ ಅಲ್ಲೇ ಪಕ್ಕದ ಮ್ಯಾಮ್ ಟಾರ್ ಹತ್ತಿ ಫೋಟೊ ಹಾಕಿದಾಗ ಎಂತೆಂಥ ಹೊಲಸು ಕಾಮೆಂಟು ಬಂದವು ಎಂದು ಓದಿ ನನ್ನ ಕೈ ನಡುಗಿತ್ತು. ಅವರು ನಡೆಯುವುದು ಬಿಡಲಿಲ್ಲ. ಒಂಟಿಯಾಗಿ ಹೋಗಲು ಧೈರ್ಯ ಸಾಲದಿದ್ದರೆ ಇಂಥ ತಂಡಗಳ ಜೊತೆ ಮೊದಲ ಸಲ ಹೋಗಿ, ತಪ್ಪೇನಿಲ್ಲ. ಆದರೆ 'ಮುಂದಿನ ವರ್ಷ ನೋಡೋಣ' ಬೇಡ. ಅತ್ತೆಯವರ ವೀಸಾ ಆರೇ ತಿಂಗಳು.

ಸೀರೆಗೆ ಯೋಚಿಸಬೇಡಿ. ಗೋಡೆ ದಾಟಲು ಅಲ್ಲಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ನಮ್ಮ ಮಲೆನಾಡಿನವರು ತಡಮೆ ಎನ್ನುವಂಥದ್ದು. ಗದ್ದೆ ಕೆಲಸಕ್ಕೆ ಕಟ್ಟುವ ಹಾಗೆ ನೆರಿಗೆ ಎತ್ತಿ ಕಟ್ಟಿಕೊಂಡರೆ ಸಾಕು. ಶೂ ಮಾತ್ರ ಜಾರದಂಥದ್ದು ಇರಲಿ, ಕೆಸರು ವಿಪರೀತ. ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ, ಕರು ಇರುವ ಹಸುಗಳಿಂದ ದೂರ ನಡೆಯಿರಿ. ಯಾರಾದರೂ ದಾರಿ ತಪ್ಪಿದಿರಾ ಎಂದು ಕೇಳಿದರೆ "ಇಲ್ಲ, ಥ್ಯಾಂಕ್ಸ್, ನಾವು ಫುಟ್‌ಪಾತ್‌ನಲ್ಲೇ ಇದ್ದೇವೆ" ಎನ್ನಿ. ಸಾರಿ ಅನ್ನಬೇಡಿ.

ಪಿಕ್ಯಾಡಿಲಿಯಿಂದ ಎಡೇಲ್‌ಗೆ ನೇರ ರೈಲಿದೆ, ಮುಕ್ಕಾಲು ಗಂಟೆಯ ದಾರಿ. ಅತ್ತೆಯವರನ್ನು ಮುಂದೆ ಬಿಡಿ. ಅವರು ಇಲ್ಲಿ ದಾರಿ ಇದೆ ಅಂದರೆ ಗದರಿಸದೆ ಮ್ಯಾಪ್ ತೆಗೆದು ನೋಡಿ.