ತೊಡೆಗೆ ಪಟ್ಟಿ ಬಿಗಿದು ವ್ಯಾಯಾಮ: ಏಳನೇ ತಿಂಗಳಲ್ಲಿ ಬೇಕಾ?

ಪ್ರಶ್ನೆ: ನಾನು ಕಬಡ್ಡಿ ಆಟಗಾರ, ವಯಸ್ಸು 24. ಮಂಡಿಯ ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಆಪರೇಷನ್ ಆಗಿ 7 ತಿಂಗಳಾಯಿತು. ಆ ಕಾಲಿನ ತೊಡೆ ಇನ್ನೂ ಸಣ್ಣಗಿದೆ. ಲೆಗ್ ಪ್ರೆಸ್‌ನಲ್ಲಿ ಭಾರ ಏರಿಸಿದರೆ ಮಂಡಿಚಿಪ್ಪಿನ ಹತ್ತಿರ ನೋವು. ತೊಡೆಗೆ ಎಲಾಸ್ಟಿಕ್ ಬಿಗಿದುಕೊಂಡು ಕಡಿಮೆ ಭಾರ ಎತ್ತು ಅಂತ ಜಿಮ್ ಗೆಳೆಯ ಹೇಳುತ್ತಾನೆ. ಮಾಡಬಹುದಾ?
– ಓದುಗರು, ಮಂಡ್ಯ

ಉತ್ತರ: ವಿಧಾನ ಸರಿ, ಕಟ್ಟುವ ಎಲಾಸ್ಟಿಕ್ ತಪ್ಪು. ಇದನ್ನು ಬಿಎಫ್‌ಆರ್ (ಬ್ಲಡ್ ಫ್ಲೋ ರಿಸ್ಟ್ರಿಕ್ಷನ್, ಅಂದರೆ ರಕ್ತದ ಹರಿವು ತಗ್ಗಿಸಿ ಮಾಡುವ ವ್ಯಾಯಾಮ) ಅನ್ನುತ್ತಾರೆ. ಜಪಾನಿನ ಯೋಶಿಯಾಕಿ ಸಾಟೊ 1960ರ ದಶಕದಲ್ಲೇ ಇದರ ಪ್ರಯೋಗ ಶುರು ಮಾಡಿದ್ದರು. ತೊಡೆಯ ಬುಡಕ್ಕೆ ಅಗಲವಾದ ಪಟ್ಟಿ ಸುತ್ತಿ ಗಾಳಿ ತುಂಬುತ್ತೇವೆ, ಥೇಟ್ ಬಿಪಿ ನೋಡುವ ಹಾಗೆ. ಆಗ ಕಾಲಿಗೆ ಬರುವ ರಕ್ತ ಕಡಿಮೆಯಾಗುತ್ತದೆ, ವಾಪಸ್ ಹೋಗುವ ರಕ್ತ ನಿಲ್ಲುತ್ತದೆ. ಸ್ನಾಯು ಬೇಗ ದಣಿಯುತ್ತದೆ. ಸಣ್ಣ ಭಾರಕ್ಕೇ ಅದು ಜಾಸ್ತಿ ದುಡಿಯಬೇಕಾಗುತ್ತದೆ, ಮಂಡಿಯ ಮೇಲೆ ಮಾತ್ರ ಒತ್ತಡ ಕಡಿಮೆ.

ಎಷ್ಟು ಬಿಗಿಯಬೇಕು ಅನ್ನೋದು ಒಬ್ಬೊಬ್ಬರಿಗೂ ಬೇರೆ. ಮೊದಲು ರಕ್ತದ ಹರಿವು ಪತ್ತೆ ಹಚ್ಚುವ ಡಾಪ್ಲರ್ ಯಂತ್ರದಲ್ಲಿ ರಕ್ತ ಪೂರ್ತಿ ನಿಲ್ಲುವ ಒತ್ತಡ ನೋಡಿ, ತೊಡೆಗಾದರೆ ಸಾಮಾನ್ಯವಾಗಿ ಅದರ ಶೇ 60–80 ಇಡುತ್ತೇವೆ. ಎಲಾಸ್ಟಿಕ್‌ನಲ್ಲಿ ಇದನ್ನು ಅಳೆಯೋದು ಹೇಗೆ? ಭಾರ, ನೀವು ಒಮ್ಮೆ ಎತ್ತಬಲ್ಲ ಗರಿಷ್ಠದ ಶೇ 20–30. ಮೊದಲು 30 ಸಲ, ಆಮೇಲೆ 15ರಂತೆ ಮೂರು ಸುತ್ತು, ನಡುವೆ 30 ಸೆಕೆಂಡು ಬಿಡುವು. ಕೊನೆಯ ಸುತ್ತಿಗೆ ತೊಡೆ ಉರಿಯುತ್ತದೆ, ಉರಿಯಲಿ. ಪಾದ ಜೋಮು ಹಿಡಿದರೆ ಕೂಡಲೇ ಗಾಳಿ ಬಿಡಬೇಕು.

ಇನ್ನು ನಿಮ್ಮ ವಿಷಯ. 7ನೇ ತಿಂಗಳಲ್ಲಿ ಬಿಎಫ್‌ಆರ್ ಬರೀ ಪಕ್ಕವಾದ್ಯ. ಭಾರ ಎತ್ತಿದ ಮರುದಿನ ಮಂಡಿ ಊದುತ್ತಾ? ಊದಿದರೆ ಮೊದಲು ಸರ್ಜನ್‌ಗೆ ತೋರಿಸಿ. ಇಲ್ಲದಿದ್ದರೆ ಲೆಗ್ ಪ್ರೆಸ್‌ನಲ್ಲಿ ಮಂಡಿ ಮಡಿಚೋದು ಸ್ವಲ್ಪ ಕಡಿಮೆ ಮಾಡಿ. ಎಷ್ಟೋ ಜನರಿಗೆ ಇಷ್ಟಕ್ಕೇ ನೋವು ಇಳಿಯುತ್ತದೆ. ವಾರಕ್ಕೆ ಎರಡು ದಿನ ಫಿಸಿಯೊ ಎದುರು ಪಟ್ಟಿ ಕಟ್ಟಿ ಲೆಗ್ ಎಕ್ಸ್‌ಟೆನ್ಶನ್ (ಕೂತು ಮಂಡಿ ನೇರ ಮಾಡುತ್ತಾ ಭಾರ ಎತ್ತೋದು) ಮಾಡಿ. ನೋವಿಲ್ಲದ ವ್ಯಾಯಾಮಗಳಲ್ಲಿ ದೊಡ್ಡ ಭಾರ ಬಿಡಬೇಡಿ. ಆ ಭಾರಕ್ಕೂ ಪಟ್ಟಿ ಕಟ್ಟಿದರೆ ಹೆಚ್ಚು ಲಾಭ ಅಂದುಕೊಳ್ಳಬೇಡಿ, ಸುಮ್ನೆ ಹಿಂಸೆ.

ರೇಡ್‌ನಲ್ಲಿ ಗಕ್ಕನೆ ನಿಂತು ತಿರುಗಬೇಕು, ಅಲ್ವಾ? ಅದನ್ನು ಪಟ್ಟಿ ಕಲಿಸೋದಿಲ್ಲ. ಜಿಗಿಯೋದು, ಒಂಟಿ ಕಾಲಲ್ಲಿ ಇಳಿಯೋದು, ದಿಕ್ಕು ಬದಲಿಸೋದು ಬೇರೆಯೇ ಅಭ್ಯಾಸ. 9 ತಿಂಗಳು ತುಂಬದೆ, ತೊಡೆಯ ಬಲ ಇನ್ನೊಂದು ಕಾಲಿನ ಶೇ 90 ಮುಟ್ಟದೆ ಅಂಕಣಕ್ಕೆ ಇಳಿಯಬೇಡಿ.

ಕಾಲಿನ ರಕ್ತನಾಳದಲ್ಲಿ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಹತೋಟಿಗೆ ಬಾರದ ಬಿಪಿ ಅಥವಾ ಸಿಕಲ್ ಸೆಲ್ ಕಾಯಿಲೆ ಇದ್ದರೆ ಇದು ಬೇಡವೇ ಬೇಡ. ವೆರಿಕೋಸ್ ವೇನ್ಸ್ ಇದ್ದರೂ ಡಾಕ್ಟರಿಗೆ ಮೊದಲೇ ಹೇಳಿ.