ಜಿಎಸ್‌ಟಿ ದರ ಇಳಿದರೂ ನಮ್ಮ ಮನೆ, ಅಂಗಡಿ, ಮಗ್ಗದ ಲೆಕ್ಕದಲ್ಲಿ ಅದು ಯಾಕೆ ಕಾಣುತ್ತಿಲ್ಲ?

ಜಮಖಂಡಿಯಿಂದ ನೀವು ಕೇಳಿದ್ದು ಇಷ್ಟು: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು ಅಂದರು, ಆದರೆ ಮನೆಯ ಕಿರಾಣಿ ಬಿಲ್ಲು ಹೆಚ್ಚುಕಡಿಮೆ ಅಷ್ಟೇ ಬರುತ್ತಿದೆ. ಬನಹಟ್ಟಿಯಲ್ಲಿ ಪಾವರ್‌ಲೂಮ್ ಇಟ್ಟಿರುವ ನಿಮ್ಮ ಮಾವನವರಂತೂ "ಮೊದಲು ಕೈಯಿಂದ ತೆರಿಗೆ ಕಟ್ಟುತ್ತಿರಲಿಲ್ಲ, ಈಗ ತಿಂಗಳಾ ತಿಂಗಳಾ ಕಟ್ಟುವಂತಾಗಿದೆ" ಅನ್ನುತ್ತಾರೆ. ಹಾಗಾದರೆ ಲಾಭ ಯಾರಿಗೆ ಹೋಯಿತು?

ಮಾವನವರ ಮಾತು ಸುಳ್ಳಲ್ಲ. ಆದರೂ ಈ ಬದಲಾವಣೆಯಿಂದ ನಿಮ್ಮ ಮನೆತನದಲ್ಲಿ ಎಲ್ಲರಿಗಿಂತ ಹೆಚ್ಚು ಅನುಕೂಲ ಆಗಿರುವುದು ಅವರಿಗೇ. ಅದರ ಲೆಕ್ಕ ಮೊದಲು ಮಾಡೋಣ.

ಪಾಲಿಯೆಸ್ಟರ್, ವಿಸ್ಕೋಸ್‌ನಂಥ ಕೃತಕ ನೂಲಿಗೆ ಮೊದಲು 12% ತೆರಿಗೆ ಇತ್ತು, ನೇಯ್ದ ಸೀರೆಗೆ 5%. ಸೀರೆ ಹೊಲಿಯದ ಬಟ್ಟೆ, ಹಾಗಾಗಿ ಬೆಲೆ ಎಷ್ಟೇ ಇರಲಿ 5 ಮಾತ್ರ. ತಿಂಗಳಿಗೆ 10 ಲಕ್ಷದ ನೂಲು ತಂದು 13 ಲಕ್ಷದ ಸೀರೆ ಮಾರುವ ಒಂದು ಘಟಕ ಹಿಡಿಯಿರಿ. ನೂಲಿನ ಮೇಲೆ ವ್ಯಾಪಾರಿಗೆ ಕೊಟ್ಟ ತೆರಿಗೆ 1,20,000. ಸೀರೆಯ ಮೇಲೆ ಗಿರಾಕಿಯಿಂದ ವಸೂಲಾದದ್ದು 65,000. ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯಬಹುದು, ಅದಕ್ಕೇ ಕ್ರೆಡಿಟ್ ಅನ್ನುವುದು. ಕೊಟ್ಟದ್ದೇ ಹೆಚ್ಚಾದ್ದರಿಂದ ಕಟ್ಟಬೇಕಾದದ್ದು ಸೊನ್ನೆ, ಅದರ ಮೇಲೆ 55,000 ರೂಪಾಯಿ ಕ್ರೆಡಿಟ್ ಲೆಡ್ಜರ್‌ನಲ್ಲಿ, ಅಂದರೆ ಪೋರ್ಟಲ್‌ನ ಕ್ರೆಡಿಟ್ ಖಾತೆಯಲ್ಲಿ, ಕೂತಿತು. "ಕೈಯಿಂದ ಕಟ್ಟುತ್ತಿರಲಿಲ್ಲ" ಅಂದರೆ ಅರ್ಥ ಇದು. ಈಗ ನೂಲಿಗೂ 5%. ನೂಲಿನ ತೆರಿಗೆ 50,000, ಸೀರೆಯದ್ದು ಅದೇ 65,000, ನಡುವಿನ 15,000 ನಗದಾಗಿ ಕಟ್ಟಬೇಕು. ಕಣ್ಣಿಗೆ ಬೀಳುವುದು ಈ 15,000. ಕಣ್ಣಿಗೆ ಬೀಳದೇ ಇರುವುದು ನೂಲು ತರುವಾಗಲೇ 70,000 ಕಡಿಮೆ ಕೊಟ್ಟದ್ದು. ತಿಂಗಳಿಗೆ 55,000ದಂತೆ ಸಿಕ್ಕಿಬೀಳುತ್ತಿದ್ದ ದುಡ್ಡು ಈಗ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಬಡ್ಡಿ ಹಾಕಿ ನೋಡಲು ಹೇಳಿ.

ನೇಕಾರಿಕೆಗೆ ಈ ತೊಡಕು 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದಲೇ ಇತ್ತು. ಮೊದಲ ವರ್ಷವಂತೂ ಹೀಗೆ ಕೂತ ಕ್ರೆಡಿಟ್ಟಿಗೆ ಬಟ್ಟೆಯವರು ರಿಫಂಡ್ ಕೇಳುವ ಹಕ್ಕೇ ಇರಲಿಲ್ಲ. 2018ರ ಆಗಸ್ಟ್ 1ರಿಂದ ಹಕ್ಕು ಕೊಟ್ಟರು, ಆದರೆ ಜುಲೈ 31ರವರೆಗೆ ಜಮೆಯಾಗಿದ್ದ ಹೆಚ್ಚುವರಿ ಕ್ರೆಡಿಟ್ ರದ್ದಾಯಿತು. ಸಣ್ಣ ಘಟಕಗಳಿಗೆ ಅದು ದೊಡ್ಡ ಪೆಟ್ಟು. ಅದನ್ನು ಈಗಲೂ ನ್ಯಾಯ ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ.

ಹತ್ತಿ ಹಾಸು, ರೇಷ್ಮೆ ಸೆರಗಿನ ಇಳಕಲ್ ಸೀರೆ ನೇಯುವವರಿಗೆ ಮಾತ್ರ ಈ ಬದಲಾವಣೆ ಅಷ್ಟಾಗಿ ತಟ್ಟಿಲ್ಲ. ಹತ್ತಿ ನೂಲಿಗೂ ರೇಷ್ಮೆಗೂ ಮೊದಲಿನಿಂದ 5 ಇತ್ತು. ಅಲ್ಲಿ ಚಮಕಾ (ಕೃತಕ ರೇಷ್ಮೆ) ಬಳಸುವವರಿಗಷ್ಟೇ ಉಸಿರಾಡುವಂತಾಗಿದೆ. ಬಣ್ಣಕ್ಕೆ ಇವತ್ತಿಗೂ 18. ಇನ್ನು ಸಾವಕಾರರ ನೂಲು ತಂದು ಕೂಲಿಗೆ ನೇಯುವ ಮನೆಗಳಿದ್ದಾವಲ್ಲ, ರಬಕವಿಯಿಂದ ಗುಳೇದಗುಡ್ಡದವರೆಗೆ ಹೆಚ್ಚಿನವರು ಅವರೇ. ಅವರಿಗೆ ಈ ದರ ಬದಲಾವಣೆಯಿಂದ ನೇರವಾಗಿ ಏನೂ ಬಂದಿಲ್ಲ. ನೂಲು ಯಾರ ಹೆಸರಿಗೆ ಬಿಲ್ಲಾಗುತ್ತದೋ ಉಳಿತಾಯ ಅವರದ್ದು. ಕೂಲಿ ಏರಿಸುವ ಮಾತು ಬಂದಾಗ ಮೇಲಿನ ಲೆಕ್ಕ ಅವರ ಕೈಯಲ್ಲೂ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಉದ್ರಿ ನೂಲಿನ ವಿಚಾರದಲ್ಲಿ ಒಂದು ಎಚ್ಚರಿಕೆ. ಬಿಲ್ಲಿನ ದಿನದಿಂದ 180 ದಿನದೊಳಗೆ ನೂಲಿನ ವ್ಯಾಪಾರಿಗೆ ದುಡ್ಡು ಸಂದಾಯವಾಗದಿದ್ದರೆ, ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಆಮೇಲೆ ದುಡ್ಡು ಕೊಟ್ಟಾಗ ಕ್ರೆಡಿಟ್ ಮತ್ತೆ ಸಿಗುತ್ತದೆ, ಬಡ್ಡಿ ಹೋದದ್ದು ಹೋದಂತೆಯೇ.

ಈಗ ನಿಮ್ಮ ಮನೆಯ ಬಿಲ್ಲು. ಬಿಡಿಯಾಗಿ ತರುವ ಜೋಳ, ಅಕ್ಕಿ, ಬೇಳೆ, ತರಕಾರಿಗೆ ಮೊದಲೂ ತೆರಿಗೆ ಇರಲಿಲ್ಲ. ಅಡುಗೆ ಎಣ್ಣೆ, ಸಕ್ಕರೆ, ಚಹಾಪುಡಿ, ಗ್ಯಾಸ್ ಸಿಲಿಂಡರ್ 5ರಲ್ಲೇ ಇದ್ದವು, ಅಲ್ಲೇ ಇವೆ. 18ರಿಂದ 5ಕ್ಕೆ ಇಳಿದದ್ದು ಮೈ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ತಲೆಗೆಣ್ಣೆ, ಬಿಸ್ಕತ್ತು. ತುಪ್ಪ, ಬೆಣ್ಣೆ, ಪ್ಯಾಕೆಟ್ ಚೂಡಾ 12ರಿಂದ 5ಕ್ಕೆ. ಬಟ್ಟೆ ಸಾಬೂನು, ಡಿಟರ್ಜೆಂಟ್ ಪುಡಿ ಇಳಿದಿಲ್ಲ, ಅವು 18ರಲ್ಲೇ ಇವೆ. ಇದನ್ನು ತಿಳಿಯದೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವವರು ಬಹಳ.

ಇನ್ನೊಂದು ತಪ್ಪು ಲೆಕ್ಕವೂ ನಡೆದಿದೆ. 18ರಿಂದ 5ಕ್ಕೆ ಬಂದರೆ ಎಂಆರ್‌ಪಿ 13% ಇಳಿಯುವುದಿಲ್ಲ. 100 ರೂಪಾಯಿಯ ವಸ್ತು 118ಕ್ಕೆ ಇತ್ತು, 105ಕ್ಕೆ ಬಂತು. 118ರ ಮೇಲೆ 13 ರೂಪಾಯಿ ಅಂದರೆ ಸರಿಸುಮಾರು 11%. ಹಾಗೆಯೇ 28ರಿಂದ 18ಕ್ಕೆ ಬಂದದ್ದು 7.8%, 12ರಿಂದ 5ಕ್ಕೆ ಬಂದದ್ದು 6.25% ಇಳಿಯಬೇಕು. ಮನೆಯಲ್ಲಿ ತಿಂಗಳಿಗೆ 1,500 ರೂಪಾಯಿಯ ಸಾಬೂನು, ಪೇಸ್ಟ್, ಬಿಸ್ಕತ್ತು ಬರುತ್ತಿದ್ದರೆ ಉಳಿಯುವುದು 165 ರೂಪಾಯಿ. ಬೇಳೆಯೋ ಎಣ್ಣೆಯೋ ಸ್ವಲ್ಪ ಏರಿದರೆ ಅದು ಅಲ್ಲೇ ಕರಗಿತು. ನಿಮಗೆ ಕಾಣದ್ದಕ್ಕೆ ಕಾರಣ ಅಷ್ಟೇ.

ಮನೆಗೆ ನಿಜವಾಗಿ ಸಿಗುವ ಉಳಿತಾಯ ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ ಮಾಡುವ ಖರ್ಚಿನಲ್ಲಿದೆ. ಮನೆಮಂದಿಯ ಆರೋಗ್ಯ ವಿಮೆಗೆ 20,000 ಪ್ರೀಮಿಯಂ ಇದ್ದರೆ ಮೊದಲು 23,600 ಕಟ್ಟುತ್ತಿದ್ದಿರಿ, ಈಗ ತೆರಿಗೆ ಸೊನ್ನೆ. ಇದು ವೈಯಕ್ತಿಕ ಪಾಲಿಸಿಗೆ ಮಾತ್ರ. ಕಂಪನಿಯೋ ಸಂಸ್ಥೆಯೋ ಮಾಡಿಸುವ ಗುಂಪು ಪಾಲಿಸಿಗೆ 18 ಹಾಗೇ ಇದೆ. 350 ಸಿಸಿವರೆಗಿನ ಬೈಕು 28ರಿಂದ 18ಕ್ಕೆ ಬಂದಿದ್ದರಿಂದ 80,000ದ ಗಾಡಿ 73,750 ಆಗಬೇಕು. ಟ್ರ್ಯಾಕ್ಟರ್ 12ರಿಂದ 5: ಮೂಲ ಬೆಲೆ 7 ಲಕ್ಷವಾದರೆ 49,000 ಉಳಿತಾಯ. ಕಬ್ಬಿನ ಸೀಸನ್ನಿನಲ್ಲಿ ಗಾಡಿ ಹೊಡೆಯುವವರಿಗೆ ಇದಕ್ಕಿಂತ ಮುಖ್ಯ ಟಯರು. ಟ್ರ್ಯಾಕ್ಟರ್ ಟಯರ್, ಟ್ಯೂಬ್ 18ರಿಂದ 5ಕ್ಕೆ ಇಳಿದಿವೆ. ಮೂಲ ಬೆಲೆ 40,000 ಇರುವ ಜೋಡಿಗೆ 47,200 ಇದ್ದದ್ದು 42,000. ರೈತನಿಗೆ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ ಇಳಿದದ್ದಷ್ಟೂ ಅವನದ್ದೇ. ಡ್ರಿಪ್, ಸ್ಪ್ರಿಂಕ್ಲರ್ ಕೂಡ 12ರಿಂದ 5ಕ್ಕೆ ಬಂದಿವೆ. ಆದರೆ ಬೋರಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು, ಪಿವಿಸಿ ಪೈಪು, ರಾಸಾಯನಿಕ ಕೀಟನಾಶಕ ಮೂರಕ್ಕೂ 18. ಪಂಪಿನ ತೆರಿಗೆ 2022ರ ಜುಲೈವರೆಗೆ 12 ಇತ್ತು, ಆಗ ಏರಿಸಿದ್ದನ್ನು ಇಳಿಸಿಲ್ಲ. ಇಂಡಿ, ಸಿಂದಗಿ ಕಡೆ ನೀರಿಗಾಗಿ ಬೋರು ಕೊರೆಸಿ ಕೊರೆಸಿ ಸಾಲ ಮಾಡಿಕೊಂಡ ರೈತರನ್ನು ನೆನೆದರೆ, ಮೊದಲು ಇಳಿಯಬೇಕಾಗಿದ್ದದ್ದು ಇದೇ.

ಮನೆ ಕಟ್ಟುವವರಿಗೆ ಸಿಮೆಂಟು 28ರಿಂದ 18ಕ್ಕೆ ಬಂತು. ತೆರಿಗೆ ಸೇರಿ 384 ಇದ್ದ ಚೀಲ 354 ಆಗಬೇಕು. ಸಾವಿರ ಚದರ ಅಡಿ ಮನೆಗೆ ಸುಮಾರು 400 ಚೀಲ ಹಿಡಿದರೆ 12,000 ರೂಪಾಯಿ. ಕಬ್ಬಿಣ, ಟೈಲ್ಸ್, ಬಣ್ಣ, ವೈರ್ ಎಲ್ಲ 18ರಲ್ಲೇ ಇರುವುದರಿಂದ ಒಟ್ಟು ಖರ್ಚಿನಲ್ಲಿ ಇದು ದೊಡ್ಡದಾಗಿ ತೋರುವುದಿಲ್ಲ. ಬಿಲ್ಲು ಕೈಗೆ ಬಂದಾಗ ತೆರಿಗೆ ಸಾಲನ್ನು ನೋಡಿ ಬಿಡಬೇಡಿ, ಅದರ ಮೇಲಿನ ತೆರಿಗೆ ಪೂರ್ವ ಬೆಲೆಯನ್ನು ನೋಡಿ. ಮೇಲಿನ ಲೆಕ್ಕದಲ್ಲಿ ಅದು 300. ಅಲ್ಲಿ 315, 320 ಕಂಡರೆ ಇಳಿದ ತೆರಿಗೆಯ ಒಂದು ಪಾಲು ನಡುವೆ ಎಲ್ಲೋ ನಿಂತಿದೆ ಎಂದೇ ಅರ್ಥ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915 ಇದೆ, ಹಳೆಯ ಬಿಲ್ಲು ಹೊಸ ಬಿಲ್ಲು ಎರಡೂ ಇಟ್ಟುಕೊಂಡು ಮಾತಾಡಿ.

ಸಂಬಳದಾರರಿಗೆ ಸಾಬೂನಿಗಿಂತ ದೊಡ್ಡದು ಆದಾಯ ತೆರಿಗೆ. 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷ ಸಂಬಳದವರೆಗೆ ತೆರಿಗೆ ಇಲ್ಲ. ಹಿಂದಿನ ವರ್ಷ ಅದೇ ಸಂಬಳಕ್ಕೆ ಅದೇ ಪದ್ಧತಿಯಲ್ಲಿ 83,200 ಬೀಳುತ್ತಿತ್ತು. ಅಷ್ಟು ಸಂಬಳ ಇರುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಅನ್ನುವುದು ಬೇರೆ ಮಾತು.

ವಿಜಯಪುರದ ದ್ರಾಕ್ಷಿ ಬೆಳೆಗಾರರು ನಿಮ್ಮ ಬಂಧುಗಳಲ್ಲಿದ್ದರೆ ಇದನ್ನು ತಿಳಿಸಿ. ಒಣದ್ರಾಕ್ಷಿಗೆ 5% ಇದೆ, ಆದರೆ ತನ್ನ ಹೊಲದ ದ್ರಾಕ್ಷಿಯನ್ನು ತಾನೇ ಒಣಗಿಸಿ ಮಾರುವ ರೈತನಿಗೆ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ, ತೆರಿಗೆಯೂ ಇಲ್ಲ. 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ತೀರ್ಮಾನವಾಗಿ, 2025ರ ಫೆಬ್ರವರಿಯ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಸಾಂಗ್ಲಿ, ತಾಸಗಾಂವ್ ಮಾರುಕಟ್ಟೆಗೆ ಒಯ್ದರೂ ಇದೇ ಮಾತು. ಎಡವುವುದು ಎರಡು ಕಡೆ. ಪಕ್ಕದವರ ಹಸಿ ದ್ರಾಕ್ಷಿ ಕೊಂಡು ತನ್ನ ಶೆಡ್ಡಿನಲ್ಲಿ ಒಣಗಿಸಿ ಮಾರಿದರೆ ಆ ಭಾಗಕ್ಕೆ ಅವನು ವ್ಯಾಪಾರಿ, ರೈತ ಅಲ್ಲ. ಹಾಗೆಯೇ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಬೇಸಾಯ ನಡೆದಿದ್ದರೆ ಕಾಯ್ದೆಯ ಕಣ್ಣಿಗೆ ಅದು ರೈತ ಅಲ್ಲ. ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ ರೈತ. ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಡಿಪ್ಪಿಂಗ್ ಆಯಿಲ್, ಪೊಟ್ಯಾಶಿಯಂ ಕಾರ್ಬೋನೇಟ್ ಮೇಲಿನ 18% ಅವನ ಮೈಮೇಲೇ ಉಳಿಯುತ್ತದೆ, ಯಾರೂ ವಾಪಸ್ ಕೊಡುವುದಿಲ್ಲ.

ಖಡಕ್ ರೊಟ್ಟಿ ಮಾಡುವ ಮಹಿಳಾ ಗುಂಪುಗಳಿಗೆ ಒಳ್ಳೆಯದಾಗಿದೆ. ಪ್ಯಾಕೆಟ್ ರೊಟ್ಟಿ, ಚಪಾತಿಗೆ ಇದ್ದ 5% ಸೊನ್ನೆಯಾಗಿದೆ. ಬರೀ ರೊಟ್ಟಿ ಮಾರಿದರೆ ಎಷ್ಟು ವಹಿವಾಟಾದರೂ ನೋಂದಣಿ ಬೇಡ, ಪುಣೆಗೆ ಪಾರ್ಸಲ್ ಕಳಿಸಿದರೂ ಬೇಡ. ಆದರೆ ಅದೇ ಪಾರ್ಸಲ್ಲಿನಲ್ಲಿ ಶೇಂಗಾ ಚಟ್ನಿ ಹಿಂಡಿ ಇಟ್ಟು ಮಾರಿದಿರೋ, ಅದಕ್ಕೆ 5% ಇದೆ, ಹೊರರಾಜ್ಯಕ್ಕೆ ತೆರಿಗೆಯ ಸರಕು ಹೋದಂತಾಯಿತು, 40 ಲಕ್ಷದ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ರಾಜ್ಯದೊಳಗೆ ಮಾರುವಾಗ 40 ಲಕ್ಷದವರೆಗೆ ತೊಂದರೆ ಇಲ್ಲ. ಆದರೆ ತೆರಿಗೆ ಇರುವುದು ಒಂದನ್ನು ಮಾರಿದರೂ ಆ 40 ಲಕ್ಷ ಎಣಿಸುವಾಗ ರೊಟ್ಟಿಯ ವಹಿವಾಟೂ ಸೇರುತ್ತದೆ. ಕಿರಾಣಿ ಅಂಗಡಿಗೂ ಇದೇ ನಿಯಮ. ಬಿಡಿ ಜೋಳ, ಹಾಲು ಮಾರಿದ್ದೂ ಸೇರಿ 40 ಲಕ್ಷ. 2025ರ ಜುಲೈನಲ್ಲಿ ಯುಪಿಐ ಮೊತ್ತ ನೋಡಿ ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಾಗ ಹಲವರು ಪೇಚಿಗೆ ಸಿಕ್ಕಿದ್ದು ಇಲ್ಲೇ: ತೆರಿಗೆ ಇಲ್ಲದ್ದು ಎಷ್ಟು, ಇರುವುದು ಎಷ್ಟು, ಮನೆಯವರು ಹಾಕಿದ ದುಡ್ಡು ಎಷ್ಟು ಅಂತ ತೋರಿಸಲು ಖರೀದಿ ಬಿಲ್ಲುಗಳೇ ಇರಲಿಲ್ಲ. ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಇಡಿ. ಮಿತಿ ದಾಟುವಂತಿದ್ದರೆ ಕಾಂಪೋಸಿಷನ್‌ಗೆ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಹೋಗಿ: ಒಂದೂವರೆ ಕೋಟಿಯವರೆಗೆ, ತೆರಿಗೆ ಇರುವ ಸರಕಿನ ವಹಿವಾಟಿನ 1%, ಮೂರು ತಿಂಗಳಿಗೊಮ್ಮೆ 18ನೇ ತಾರೀಖಿನೊಳಗೆ. ಆ 1% ಅನ್ನು ಗಿರಾಕಿಯ ಬಿಲ್ಲಿನಲ್ಲಿ ಹಾಕುವಂತಿಲ್ಲ.

ಗಡಿಯ ವಿಚಾರ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಪ್ಪಾಣಿ, ಬೆಳಗಾವಿಯ ಕಾಂಪೋಸಿಷನ್ ಅಂಗಡಿಗೆ ಕೊಲ್ಹಾಪುರದ ಗಿರಾಕಿ ಬಂದು ಸಾಮಾನು ಒಯ್ದರೆ ಅಡ್ಡಿಯಿಲ್ಲ. ಆದರೆ 2023ರ ಅಕ್ಟೋಬರ್ 1ರಿಂದ, ಬಿಲ್ಲಿನಲ್ಲಿ ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಮಹಾರಾಷ್ಟ್ರ ಅಂತ ಬರೆದರೆ, ರಾಜ್ಯದ ಹೆಸರಷ್ಟೇ ಬರೆದರೂ, ಅದು ಅಂತರರಾಜ್ಯ ಮಾರಾಟ. ಕಾಂಪೋಸಿಷನ್‌ನವರು ಅದನ್ನು ಮಾಡುವಂತಿಲ್ಲ, ಮಾಡಿದರೆ ಯೋಜನೆಯೇ ಕೈತಪ್ಪುತ್ತದೆ. ಮರ್ಯಾದೆಗೆ ಪೂರ್ತಿ ವಿಳಾಸ ಬರೆದುಕೊಡುವ ರೂಢಿ ಇಲ್ಲಿ ದುಬಾರಿ.

ಪ್ರದೇಶವಾರು ನೋಡಿದರೆ ಜಿಎಸ್‌ಟಿ ಬಳಸುವ ರಾಜ್ಯಕ್ಕೆ ಸೇರುವ ತೆರಿಗೆ. ಅಥಣಿ, ಮುಧೋಳದ ಸಕ್ಕರೆ, ಬಾಗಲಕೋಟೆಯ ಸಿಮೆಂಟು ಮಹಾರಾಷ್ಟ್ರಕ್ಕೆ ಹೋದರೆ ರಾಜ್ಯದ ಪಾಲು ಅಲ್ಲಿಗೇ ಹೋಗುತ್ತದೆ. ಹಿಂದೆ ಅಂತರರಾಜ್ಯ ಮಾರಾಟದ ಮೇಲಿನ 2% ಸಿಎಸ್‌ಟಿಯಾದರೂ (ಕೇಂದ್ರ ಮಾರಾಟ ತೆರಿಗೆ) ಇಲ್ಲಿ ಉಳಿಯುತ್ತಿತ್ತು. ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರ 2022ರ ಜೂನ್‌ಗೆ ನಿಂತಿದೆ. ಡೀಸೆಲ್ ಜಿಎಸ್‌ಟಿಯ ಹೊರಗಿದೆ, 2025ರ ಏಪ್ರಿಲ್ 1ರಿಂದ ರಾಜ್ಯ ಅದರ ಮೇಲಿನ ತೆರಿಗೆಯನ್ನು 21.17%ಗೆ ಏರಿಸಿತು. ಲಾರಿ ಬಾಡಿಗೆಯಲ್ಲಿ ಸೇರಿಕೊಳ್ಳುವ ಈ ತೆರಿಗೆಗೆ ಯಾರಿಗೂ ಕ್ರೆಡಿಟ್ ಇಲ್ಲ. ಬಂದರು, ದೊಡ್ಡ ಪೇಟೆಗಳಿಂದ ದೂರ ಇರುವ ನಮ್ಮ ಜಿಲ್ಲೆಗಳಿಗೆ ಅದು ಹೆಚ್ಚು ತಟ್ಟುತ್ತದೆ.

ಕೊನೆಯದಾಗಿ ಮಾವನವರಿಗೆ. ಅವರ ಕ್ರೆಡಿಟ್ ಲೆಡ್ಜರ್‌ನಲ್ಲಿ ಹಳೆಯ ಬಾಕಿ ಇದ್ದರೆ ತಿಂಗಳ ತೆರಿಗೆಯನ್ನು ಅದರಿಂದಲೇ ಕಟ್ಟಬಹುದು, ನಗದು ಬೇಕಿಲ್ಲ. ಕೈಯಿಂದ ಕಟ್ಟುತ್ತಿದ್ದಾರೆ ಅಂದರೆ ಬಾಕಿ ಮುಗಿದಿರಬೇಕು, ಇಲ್ಲವೇ ಲೆಕ್ಕ ಬರೆಯುವವರು ಅದನ್ನು ನೋಡಿರಲಿಕ್ಕಿಲ್ಲ. ಮೊದಲು ಪೋರ್ಟಲ್ ತೆರೆಸಿ ಬಾಕಿ ನೋಡಲು ಹೇಳಿ. ಬಾಕಿ ದೊಡ್ಡದಿದ್ದು, ದರ ಇಳಿಯುವ ಮೊದಲಿನ ತಿಂಗಳುಗಳಿಗೆ ರಿಫಂಡ್ ಕೇಳಿಲ್ಲದಿದ್ದರೆ ಆರ್‌ಎಫ್‌ಡಿ-01 ಅರ್ಜಿ ಹಾಕಬಹುದು. ಆಯಾ ತಿಂಗಳ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ ಎರಡು ವರ್ಷ ಅವಕಾಶ. ತಿಂಗಳಾ ತಿಂಗಳಾ ರಿಟರ್ನ್ ಹಾಕುವವರಿಗೆ 2025ರ ಆಗಸ್ಟ್ ತಿಂಗಳ ಅರ್ಜಿಗೆ 2027ರ ಸೆಪ್ಟೆಂಬರ್ 20 ಕೊನೆ. ಅದಕ್ಕೂ ಹಿಂದಿನ ತಿಂಗಳುಗಳ ಗಡುವು ಪ್ರತಿ ತಿಂಗಳ 20ಕ್ಕೆ ಒಂದೊಂದಾಗಿ ಮುಗಿಯುತ್ತಾ ಬರುತ್ತದೆ.